ನಾಕ್ಸೋಸ್ ದ್ವೀಪದ ಬಾಡಿಗೆ ಕಾರು, ಬಾಡಿಗೆ ಕ್ವಾಡ್: ಮುಂಬಯಿಯಿಂದ ಹೋಗುವವರಿಗಾಗಿ ಒಂದು ವಿಮರ್ಶೆ

ಗ್ರೀಸಿನ ನಾಕ್ಸೋಸ್ ದ್ವೀಪದಲ್ಲಿ ಬಾಡಿಗೆಗೆ ಸಿಗುವ ಸಣ್ಣ ಕಾರಿಗೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅದೇ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿರುವ ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಇವೆರಡರ ದಿನದ ಬಾಡಿಗೆಯಲ್ಲಿ ವ್ಯತ್ಯಾಸ ಅಷ್ಟೇನೂ ಇಲ್ಲ. ಆದರೆ ಒಂದರಲ್ಲಿ ಕೂತು ದ್ವೀಪದ ಬೆಟ್ಟವನ್ನು ಮನೆಮಂದಿಯ ಜೊತೆ ನಿಶ್ಚಿಂತೆಯಿಂದ ಹತ್ತಿ ಇಳಿಯಬಹುದು, ಇನ್ನೊಂದರಲ್ಲಿ ಹಾಗೆ ಮಾಡಲಾಗದು. ಮುಂಬಯಿ, ಪುಣೆಗಳ ನಮ್ಮ ಕನ್ನಡ ಬಳಗದಲ್ಲಿ ಈಚೆಗೆ ಮದುವೆಯ ಬೆಳ್ಳಿಹಬ್ಬಕ್ಕೋ ಮಕ್ಕಳ ಮೇ ರಜೆಗೋ ಗ್ರೀಸಿಗೆ ಹೋಗುವ ಕುಟುಂಬಗಳು ಹೆಚ್ಚುತ್ತಿರುವುದರಿಂದ, ಮತ್ತು ಅವರಲ್ಲಿ ಅನೇಕರು ಚಿತ್ರದಲ್ಲಿ ಚೆಂದ ಕಾಣುತ್ತದೆಂಬ ಒಂದೇ ಕಾರಣಕ್ಕೆ ಮೊದಲು ವಿಚಾರಿಸುವುದು ಕ್ವಾಡನ್ನೇ ಆದುದರಿಂದ, ಈ ವಿಮರ್ಶೆಯನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಮುಲುಂದದಿಂದ ನಾನೂ ನಮ್ಮವರೂ, ಪುಣೆಯ ಕೋಥರೂಡಿನಿಂದ ಅಕ್ಕನೂ ಭಾವನೂ ಜೊತೆಯಾಗಿ ಹೋಗಿದ್ದೆವು. ಕಾರು ಓಡಿಸುವ ಜವಾಬ್ದಾರಿ ಬಹುಪಾಲು ನನ್ನದಾಗಿತ್ತು. ಒಂದು ದಿನದ ಮಟ್ಟಿಗೆ ಭಾವ ಅದೇ ಅಂಗಡಿಯಿಂದ ಕ್ವಾಡನ್ನೂ ತೆಗೆದುಕೊಂಡಿದ್ದರಿಂದ ಒಂದೇ ರಸ್ತೆಯಲ್ಲಿ, ಒಂದೇ ಗಾಳಿಯಲ್ಲಿ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಅಂಗಡಿಯ ಹೆಸರನ್ನು ನಾನು ಹೇಳುವುದಿಲ್ಲ. ಬಂದರಿನ ಆಸುಪಾಸಿನಲ್ಲಿ ಮನೆಯವರೇ ನಡೆಸುವ ಇಂಥ ಅಂಗಡಿಗಳು ಹಲವಾರಿದ್ದು, ಅವುಗಳ ಪದ್ಧತಿಯೂ ಕರಾರೂ ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ, ಇಲ್ಲಿ ಹೇಳಿರುವುದು ಯಾವ ಬಾಗಿಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಮೊದಲಿಗೆ, ವಾಹನ ಬೇಕೇ ಎಂಬ ಪ್ರಶ್ನೆ. ಹೋರಾ ಎಂದು ಕರೆಯುವ ಮುಖ್ಯ ಪಟ್ಟಣದಲ್ಲಿ ಉಳಿದು, ಪಶ್ಚಿಮ ದಂಡೆಯ ಆಯಿಯೋಸ್ ಪ್ರೊಕೋಪಿಯೋಸ್, ಆಯಿಯಾ ಆನ್ನಾ, ಪ್ಲಾಕಾ ಎಂಬ ಮರಳ ತೀರಗಳಿಗೆ ಮಾತ್ರ ಹೋಗಿಬರುವವರಿಗೆ ವಾಹನ ಬೇಕಿಲ್ಲ; ಕೆಟೆಲ್ ಎಂಬ ಸಾರ್ವಜನಿಕ ಬಸ್ಸುಗಳೇ ಸಾಕಾಗುತ್ತವೆ. ಅಪೊಲೋ ದೇವಾಲಯದ ಉಳಿದಿರುವ ಅಮೃತಶಿಲೆಯ ಬಾಗಿಲು, ಎಂದರೆ ಪೋರ್ತಾರಾ, ಬಂದರಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ಆದರೆ ನಾಕ್ಸೋಸ್ ಸಿಕ್ಲಾಡೀಸ್ ದ್ವೀಪಸಮೂಹದಲ್ಲೇ ಅತಿ ದೊಡ್ಡದು. ಅದರ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರು, ಎಂದರೆ ಸಾಂತೋರಿನಿಯ ಐದು ಪಟ್ಟಿಗಿಂತ ಹೆಚ್ಚು. ನಡುವೆ ನಿಂತಿರುವ ಝಾಸ್ ಬೆಟ್ಟದ ಎತ್ತರ ಸಾವಿರ ಮೀಟರನ್ನು ತುಸು ದಾಟುತ್ತದೆ. ಹಾಲ್ಕಿ, ಫಿಲೋತಿ, ಅಪೆರಾಂಥೋಸ್, ಕೊರೊನೋಸ್ ಮೊದಲಾದ ಹಳ್ಳಿಗಳೂ ಸಾಂಗ್ರಿಯ ದಿಮಿತ್ರಾ ದೇವಿಯ ಗುಡಿಯೂ ಉತ್ತರ ತುದಿಯ ಅಪೊಲೋನಾಸಿನಲ್ಲಿ ಕಲ್ಲುಗಣಿಯಲ್ಲೇ ಅರ್ಧಕ್ಕೆ ಬಿಟ್ಟ ಹತ್ತು ಮೀಟರಿಗೂ ಉದ್ದದ ಮೂರ್ತಿಯೂ ಈ ಒಳನಾಡಿನಲ್ಲಿ ಚದುರಿವೆ. ಅಲ್ಲಿಗೆ ಬಸ್ಸು ಇದ್ದರೂ ದಿನಕ್ಕೆ ಕೆಲವೇ ಸಲ ಓಡುತ್ತದೆ. ದ್ವೀಪದ ನಿಜವಾದ ಸೊಗಸು ಈ ಬೆಟ್ಟದ ಸೀಮೆಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ, ಅದಕ್ಕೆ ತಕ್ಕ ವಾಹನ ಯಾವುದು ಎಂಬುದೇ ಇಲ್ಲಿನ ಮುಖ್ಯ ವಿಷಯ.

ಕಾರಿನ ತಯಾರಿ ಮುಂಬಯಿಯಲ್ಲೇ ಶುರುವಾಗಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಲೈಸೆನ್ಸ್ ಇರುವವರಿಗೆ ಗ್ರೀಸ್ 2021ರ ಕಾನೂನಿನಲ್ಲಿ ರಿಯಾಯಿತಿ ನೀಡಿದೆ. ಭಾರತದ ಲೈಸೆನ್ಸಿಗೆ ಆ ರಿಯಾಯಿತಿ ಇಲ್ಲ. ನಾವು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ಆರ್‌ಟಿಒದವರ ಮಾತಿನಲ್ಲಿ ಐಡಿಪಿಯನ್ನು, ಒಯ್ಯಲೇಬೇಕು. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಫಾರಂ 4ಎ ತುಂಬಿ, ಪಾಸ್‌ಪೋರ್ಟ್, ಲೈಸೆನ್ಸುಗಳ ಪ್ರತಿಯನ್ನು ಲಗತ್ತಿಸಿ, 1,000 ರೂಪಾಯಿ ಶುಲ್ಕ ಕಟ್ಟಿ, ತಮ್ಮ ವಿಳಾಸಕ್ಕೆ ಸಂಬಂಧಿಸಿದ ಆರ್‌ಟಿಒದಿಂದ ಅದನ್ನು ಪಡೆಯಬೇಕು. ಅದರ ಅವಧಿ ಒಂದು ವರ್ಷ. ವೀಸಾ ಕೈಗೆ ಬರುವುದೇ ಪ್ರಯಾಣಕ್ಕೆ ಕೆಲವು ದಿನ ಇರುವಾಗ ಆಗುವುದುಂಟು. ಆದರೆ 2021ರಿಂದ ಈ ಅರ್ಜಿಗೆ ವೀಸಾ ಕಡ್ಡಾಯವಲ್ಲವಾದ್ದರಿಂದ, ಅದಕ್ಕೆ ಕಾಯದೆ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಐಡಿಪಿ ಎಂಬುದು ಲೈಸೆನ್ಸಿನ ಅನುವಾದವೇ ಹೊರತು ಲೈಸೆನ್ಸ್ ಅಲ್ಲ. ಮೂಲ ಕಾರ್ಡು ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಮೊಬೈಲಿನ ಡಿಜಿಲಾಕರಿನಲ್ಲಿರುವ ಪ್ರತಿ ಅಲ್ಲಿ ನಡೆಯುವುದಿಲ್ಲ.

ಈ ಕಾಗದದ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಐಡಿಪಿ ಕೇಳದೆಯೇ ವಾಹನ ಕೊಡುವ ಅಂಗಡಿಗಳು ಗ್ರೀಸಿನ ದ್ವೀಪಗಳಲ್ಲಿ ಇವೆ. ಅಕ್ಕ ಭಾವ ಉಳಿದಿದ್ದ ಕಡೆ ಒಬ್ಬರು, "ಇಂಡಿಯಾ ಲೈಸೆನ್ಸ್ ಸಾಕು, ಯಾರೂ ಕೇಳುವುದಿಲ್ಲ" ಎಂದೇ ಧೈರ್ಯ ಹೇಳಿದ್ದರು. ಕೇಳುವವರು ಅಂಗಡಿಯವರಲ್ಲ, ಅಪಘಾತವಾದ ಮೇಲೆ ಬರುವ ವಿಮೆಯವರು. ಸರಿಯಾದ ಪರವಾನಗಿ ಇಲ್ಲದೆ ಓಡಿಸಿದ ವಾಹನಕ್ಕೆ ವಿಮೆ ಅನ್ವಯಿಸುವುದಿಲ್ಲವೆಂದು ಒಪ್ಪಂದದಲ್ಲಿ ಬರೆದೇ ಇರುತ್ತದೆ. ಆಗ ಎದುರಿನವರ ಗಾಯದ ಖರ್ಚೂ ನಮ್ಮ ತಲೆಯ ಮೇಲೆ ಬೀಳುತ್ತದೆ. ನಾವು ಆರಿಸಿಕೊಂಡ ಅಂಗಡಿಯ ಹುಡುಗಿ ಲೈಸೆನ್ಸ್, ಐಡಿಪಿ, ಪಾಸ್‌ಪೋರ್ಟ್ ಮೂರನ್ನೂ ಕೇಳಿ, ಹಾಳೆ ತಿರುವಿ ನೋಡಿ, ಪ್ರತಿ ತೆಗೆದುಕೊಂಡಳು. ಆ ಅಂಗಡಿಯ ಬಗ್ಗೆ ನನಗೆ ಮೊದಲ ನಂಬಿಕೆ ಹುಟ್ಟಿದ್ದು ಅಲ್ಲೇ.

ನಮಗೆ ಸಿಕ್ಕಿದ್ದು ಹುಂಡೈ ಐ10, ಮ್ಯಾನ್ಯುಯಲ್ ಗೇರಿನದು. ಫಿಯಟ್ ಪಾಂಡಾ, ಪ್ಯೂಜೋ 208, ಸುಜುಕಿ ಜಿಮ್ನಿ ಕೂಡ ಅಲ್ಲಿ ಸಾಮಾನ್ಯ. ಆಟೋಮ್ಯಾಟಿಕ್ ಬೇಕೆಂದರೆ ಮುಂಚಿತವಾಗಿ ಹೇಳಬೇಕು. ಅವು ಕಡಿಮೆ, ಬಾಡಿಗೆಯೂ ಹೆಚ್ಚು. ಮೇ ತಿಂಗಳಿನ್ನೂ ಪ್ರವಾಸದ ಭರಾಟೆ ಶುರುವಾಗದ ಕಾಲವಾದ್ದರಿಂದ ದಿನಕ್ಕೆ ಸುಮಾರು 40 ಯೂರೋ ಬಾಡಿಗೆಗೆ ಕಾರು ದೊರೆಯಿತು. ಯೂರೋಗೆ ನೂರು ರೂಪಾಯಿಯ ಆಸುಪಾಸು ಎಂದು ಲೆಕ್ಕ ಹಾಕಿಕೊಳ್ಳಬಹುದು. ಜುಲೈ, ಆಗಸ್ಟಿನಲ್ಲಿ ಇದು ಎಷ್ಟೋ ಮೇಲೇರುತ್ತದೆ. ನಾಲ್ಕು ಜನ ದೊಡ್ಡವರು ಕೂರಲು ಐ10 ಸಾಕಾಗುತ್ತದೆ. ಆದರೆ ಮುಂಬಯಿಯಿಂದ ಹೊತ್ತೊಯ್ದ ದೊಡ್ಡ ಸೂಟ್‌ಕೇಸ್ ಡಿಕ್ಕಿಯಲ್ಲಿ ಎರಡು ಹಿಡಿಸುವುದಿಲ್ಲ. ಸಾಮಾನು ಇಳಿಸಿ ಬಂದ ಮೇಲೆಯೇ ಕಾರು ಪಡೆಯುವುದು ಜಾಣತನ. ದೊಡ್ಡ ಕಾರು ಕೇಳುವ ಆಸೆಯನ್ನು ಮಾತ್ರ ಬಿಡಬೇಕು. ಹಳ್ಳಿಯೊಳಗೆ ಎರಡು ಕಲ್ಲುಗೋಡೆಗಳ ನಡುವೆ ಎದುರಿನ ಪಿಕಪ್ ವಾಹನಕ್ಕೆ ದಾರಿ ಬಿಡುವಾಗ ಒಂದು ಗೇಣು ಅಗಲ ಕಡಿಮೆಯಿದ್ದರೂ ಅದರ ಬೆಲೆ ಗೊತ್ತಾಗುತ್ತದೆ.

ವಿಮೆಯ ಮಾತು ಬೇಸರದ್ದಾದರೂ ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ. ಬಾಡಿಗೆಯ ಜೊತೆ ಬರುವ ಸಾಮಾನ್ಯ ವಿಮೆಯಲ್ಲಿ ಹಾನಿಯ ಮೊದಲ ಪಾಲನ್ನು ಬಾಡಿಗೆದಾರನೇ ಭರಿಸಬೇಕು. ನಮಗೆ ತೋರಿಸಿದ ಒಪ್ಪಂದದಲ್ಲಿ ಅದು 700 ಯೂರೋ ಇತ್ತು. ಅದಕ್ಕಿಂತ ಮುಖ್ಯವಾಗಿ, ಟೈರು, ಗಾಜು, ಸೈಡ್ ಮಿರರ್, ಚಕ್ರದ ರಿಮ್ಮು ಮತ್ತು ಕಾರಿನ ತಳಭಾಗ ಇವಕ್ಕೆ ಸಾಮಾನ್ಯ ವಿಮೆ ಬಹುತೇಕ ಅನ್ವಯಿಸುವುದೇ ಇಲ್ಲ. ದ್ವೀಪದಲ್ಲಿ ಹಾಳಾಗುವುದು ಈ ಭಾಗಗಳೇ ಎಂಬುದನ್ನು ನೆನಪಿಡಬೇಕು. ಕಲ್ಲುಗೋಡೆಗೆ ಕನ್ನಡಿ ತಾಗುತ್ತದೆ, ಕಚ್ಚಾ ರಸ್ತೆಯ ಚೂಪುಗಲ್ಲಿಗೆ ಟೈರು ಹರಿಯುತ್ತದೆ, ಏರುಪೇರಿನಲ್ಲಿ ತಳಭಾಗ ಉಜ್ಜುತ್ತದೆ. ದಿನಕ್ಕೆ ಹತ್ತು ಹನ್ನೆರಡು ಯೂರೋ ಹೆಚ್ಚಿಗೆ ಕೊಟ್ಟರೆ ಸ್ವಂತ ಪಾಲನ್ನು ಸೊನ್ನೆ ಮಾಡಿ, ಗಾಜು ಟೈರುಗಳನ್ನೂ ಸೇರಿಸುವ ಪೂರ್ಣ ವಿಮೆ ಸಿಗುತ್ತದೆ. ನಾವು ಅದನ್ನೇ ತೆಗೆದುಕೊಂಡೆವು, ಮತ್ತು ಎಡಗೈ ಸ್ಟಿಯರಿಂಗಿಗೆ ಹೊಸಬರಾದ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಆದರೆ ಪೂರ್ಣ ವಿಮೆ ಎಂಬ ಹೆಸರು ನೋಡಿ ಎಲ್ಲವೂ ಪೂರ್ಣ ಎಂದುಕೊಳ್ಳಬಾರದು. ಡಾಂಬರಿಲ್ಲದ ರಸ್ತೆಯಲ್ಲಿ ಆದ ಹಾನಿ, ಕುಡಿದು ಓಡಿಸಿದಾಗ ಆದ ಹಾನಿ, ಅನುಮತಿಯಿಲ್ಲದೆ ದೋಣಿಯೇರಿಸಿ ಬೇರೆ ದ್ವೀಪಕ್ಕೆ ಒಯ್ದಾಗ ಆದ ಹಾನಿ ಇವು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಒಪ್ಪಂದದ ಸಣ್ಣಕ್ಷರದ ಪುಟ ಇಂಗ್ಲಿಷಿನಲ್ಲಿಯೂ ಇರುತ್ತದೆ. ಅಲ್ಲೇ ನಿಂತು ಓದಿ ಸಹಿ ಹಾಕಿದರೆ ಯಾರೂ ಬೇಸರಿಸುವುದಿಲ್ಲ.

ಗ್ರೀಸಿನಲ್ಲಿ ಬಲಗಡೆಯ ಸಂಚಾರ. ಚಾಲಕ ಎಡಗಡೆ ಕೂರುತ್ತಾನೆ, ಗೇರು ಬಲಗೈಗೆ ಬರುತ್ತದೆ. ಕ್ಲಚ್, ಬ್ರೇಕ್, ಆಕ್ಸಲರೇಟರ್ ಮಾತ್ರ ನಮ್ಮಲ್ಲಿರುವ ಕ್ರಮದಲ್ಲೇ ಇರುತ್ತವೆ. ಮಾರುತಿ, ಹುಂಡೈ ಓಡಿಸಿ ರೂಢಿಯಾದ ನಮ್ಮ ಕೈಗೆ ಇಂಡಿಕೇಟರ್ ಇರಬೇಕಾದ ಕಡೆ ವೈಪರ್ ಸಿಗುತ್ತದೆ, ಮತ್ತು ಹೊಸದರಲ್ಲಿ ಎಲ್ಲರ ಕಾರಿನ ಗಾಜೂ ಬಿಸಿಲಿನಲ್ಲೇ ಒರೆಸಲ್ಪಡುತ್ತದೆ, ಅದರಿಂದ ಅಪಾಯವೇನಿಲ್ಲ. ಅಪಾಯವಿರುವುದು ಬೇರೆಲ್ಲೋ: ಎದುರಿಗೆ ಒಂದೂ ವಾಹನವಿಲ್ಲದ ಹಳ್ಳಿಯ ರಸ್ತೆಗೆ, ಅಥವಾ ಪೆಟ್ರೋಲ್ ಬಂಕಿನಿಂದ ಹೊರಗೆ ಬಂದು ತಿರುಗುವಾಗ, ಮನಸ್ಸು ತನಗರಿಯದೆ ಎಡಪಕ್ಕಕ್ಕೆ ಎಳೆಯುತ್ತದೆ. ದಟ್ಟಣೆಯಲ್ಲಿ ಮುಂದಿನ ವಾಹನವೇ ದಾರಿ ತೋರಿಸುತ್ತದೆ; ಖಾಲಿ ರಸ್ತೆಯಲ್ಲಿ ತೋರಿಸುವವರಿಲ್ಲ. ಚಾಲಕನ ದೇಹ ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗಿರಬೇಕು ಎಂಬ ಒಂದೇ ಸೂತ್ರವನ್ನು ನಾನು ಹಿಡಿದುಕೊಂಡಿದ್ದೆ, ಮತ್ತು ಪ್ರತಿ ತಿರುವಿನಲ್ಲೂ ನಮ್ಮವರು ಪಕ್ಕದಿಂದ "ಬಲಕ್ಕೆ" ಎಂದು ಗಟ್ಟಿಯಾಗಿ ಹೇಳುವ ವ್ಯವಸ್ಥೆ ಮಾಡಿಕೊಂಡಿದ್ದೆವು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ಊರೊಳಗೆ ವೇಗದ ಮಿತಿ ಹಿಂದೆ ಗಂಟೆಗೆ 50 ಕಿಲೋಮೀಟರ್ ಇತ್ತು; 2025ರ ಹೊಸ ಸಂಚಾರ ಕಾನೂನು ಬಹುತೇಕ ರಸ್ತೆಗಳಲ್ಲಿ ಅದನ್ನು 30ಕ್ಕೆ ಇಳಿಸಿದೆ. ಹೊರಗೆ ಸಾಮಾನ್ಯ ರಸ್ತೆಗಳಲ್ಲಿ ಮಿತಿ 90 ಆದರೂ ನಾಕ್ಸೋಸಿನ ಬೆಟ್ಟದಲ್ಲಿ 40 ದಾಟುವ ಸಂದರ್ಭವೇ ಬರುವುದಿಲ್ಲ.

ಬೆಟ್ಟದ ರಸ್ತೆಯ ಬಗ್ಗೆ ಹೆದರಬೇಕಾಗಿಲ್ಲ. ಖಂಡಾಲ, ಮಾಳಶೇಜ್, ಅಂಬೋಲಿ ಘಾಟಿಗಳಲ್ಲಿ ಓಡಿಸಿದವರಿಗೆ ಈ ತಿರುವುಗಳು ಹೊಸದಲ್ಲ. ಡಾಂಬರು ಚೆನ್ನಾಗಿದೆ, ಲಾರಿಗಳ ಕಾಟವಿಲ್ಲ, ಮೇ ತಿಂಗಳಲ್ಲಿ ಮಳೆಯೂ ಬಹುತೇಕ ಇಲ್ಲ. ವ್ಯತ್ಯಾಸವೆಂದರೆ, ಹಲವು ಕಡೆ ತಡೆಗೋಡೆಯಿಲ್ಲ, ಮೇಕೆಗಳು ತಿರುವಿನಲ್ಲೇ ನಿಂತಿರುತ್ತವೆ, ಮತ್ತು ಸ್ಥಳೀಯರು ರಸ್ತೆಯನ್ನು ಬಾಯಿಪಾಠವಾಗಿ ಬಲ್ಲವರಾದ್ದರಿಂದ ಬಿರುಸಾಗಿ ಬಂದು ಹಿಂದೆ ಅಂಟಿಕೊಳ್ಳುತ್ತಾರೆ. ಅಗಲ ಸಿಕ್ಕ ಕಡೆ ಬಲಕ್ಕೆ ಸರಿದು ಅವರನ್ನು ಮುಂದೆ ಬಿಟ್ಟರೆ ಕೈಯೆತ್ತಿ ವಂದಿಸಿ ಹೋಗುತ್ತಾರೆ. ರಸ್ತೆಯಂಚಿನಲ್ಲಿ ಕಂಬದ ಮೇಲೆ ಪುಟ್ಟ ಗುಡಿಯಂತೆ ಕಾಣುವ, ಒಳಗೆ ದೀಪವೂ ದೇವರ ಚಿತ್ರವೂ ಇರುವ ಪೆಟ್ಟಿಗೆಗಳು ಗ್ರೀಸಿನ ಎಲ್ಲ ಕಡೆ ಕಾಣಸಿಗುತ್ತವೆ. ಅವುಗಳಲ್ಲಿ ಎಷ್ಟೋ ಅಪಘಾತ ನಡೆದ ಜಾಗದಲ್ಲಿ ಮನೆಯವರು ನಿಲ್ಲಿಸಿದವು. ತಿರುವಿನಲ್ಲಿ ಅಂಥದೊಂದು ಕಂಡರೆ ನಾನು ಗೇರು ಇಳಿಸುತ್ತಿದ್ದೆ.

ಹೋರಾದಿಂದ ಹಾಲ್ಕಿ, ಫಿಲೋತಿ ಹಾದು ಅಪೆರಾಂಥೋಸಿಗೆ ಹೋಗುವ ದಾರಿ 25 ಕಿಲೋಮೀಟರಿಗೆ ತುಸು ಹೆಚ್ಚಾದರೂ ಒಂದು ತಾಸು ಹಿಡಿಯುತ್ತದೆ. ಆಲಿವ್ ತೋಪುಗಳ ನಡುವಿನ ಬಯಲು ಕಳೆದ ಮೇಲೆ ಫಿಲೋತಿಯಿಂದ ಏರು ಶುರು. ಅಪೆರಾಂಥೋಸಿನ ಓಣಿಗಳೆಲ್ಲ ಅಮೃತಶಿಲೆ ಹಾಸಿದವು, ಅಲ್ಲಿ ವಾಹನಕ್ಕೆ ಪ್ರವೇಶವಿಲ್ಲ. ಊರ ಹೊರಗೆ ನಿಲ್ಲಿಸಿ ನಡೆಯಬೇಕು. ಅಲ್ಲಿಂದ ಪೂರ್ವದ ಮೂತ್ಸೂನಾ ಬಂದರಿಗೆ ಇಳಿಯುವ ರಸ್ತೆಯೇ ನನ್ನ ಮಟ್ಟಿಗೆ ಇಡೀ ದ್ವೀಪದ ಅತ್ಯುತ್ತಮ ಚಾಲನೆ. ಸುಮಾರು 600 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ತಿರುವಿನ ಮೇಲೆ ತಿರುವಾಗಿ ಇಳಿಯುವಾಗ, ಒಂದು ಕಾಲದಲ್ಲಿ ಎಮರಿ ಕಲ್ಲನ್ನು ಗಣಿಯಿಂದ ಬಂದರಿಗೆ ಸಾಗಿಸುತ್ತಿದ್ದ ತಂತಿಮಾರ್ಗದ ಕಬ್ಬಿಣದ ಗೋಪುರಗಳು ಇಂದಿಗೂ ಬೆಟ್ಟದ ಮೈಮೇಲೆ ನಿಂತಿರುವುದು ಕಾಣುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಮರಿ ಪೇಪರಿಗೆ ಆ ಹೆಸರು ಬಂದದ್ದು ಈ ಜಾತಿಯ ಕಲ್ಲಿನಿಂದಲೇ. ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿಯದೆ ಎರಡನೆಯ ಗೇರಿನಲ್ಲಿಯೇ ಬಿಟ್ಟರೆ ಐ10 ಯಾವ ತಕರಾರೂ ಇಲ್ಲದೆ ಇಳಿಯಿತು.

ಹಾಲ್ಕಿಯಲ್ಲಿ 1896ರಿಂದ ನಡೆದುಬಂದಿರುವ ಕಿತ್ರೋನ್ ಮದ್ಯದ ಭಟ್ಟಿಯಿದೆ. ನೋಡಲು ಬಂದವರಿಗೆ ರುಚಿಗೆಂದು ಕೊಡುತ್ತಾರೆ. ಗ್ರೀಸಿನಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯಸಾರದ ಮಿತಿಯಿದ್ದು ನಮ್ಮ ದೇಶದ 0.3ಕ್ಕಿಂತ ಅದು ಸಡಿಲವೆನ್ನುವುದು ನಿಜ. ಆದರೂ ಮುಂದೆ ಏರುವ ರಸ್ತೆ ಎಂಥದೆಂದು ತಿಳಿದ ಚಾಲಕರು ಅಲ್ಲಿ ಕಾಫಿಯನ್ನೇ ಕುಡಿಯಬೇಕು.

ಇನ್ನು ಕ್ವಾಡ್. ನಮ್ಮಲ್ಲಿ ಅಲಿಬಾಗಿನ ಬಳಿ ನಾಗಾಂವದ ಮರಳ ಮೇಲೆ ಐದು ನಿಮಿಷ ಸುತ್ತಿಸಿ ಇಳಿಸುವ ಆ ವಾಹನವನ್ನು ಎಲ್ಲರೂ ನೋಡಿರುತ್ತಾರೆ. ಭಾವನಿಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣು. "ಕಾರು ಪುಣೆಯಲ್ಲೂ ಓಡಿಸುತ್ತೇನಲ್ಲಮ್ಮ, ಇಲ್ಲಿಗೆ ಬಂದು ಅದೇ ಯಾಕೆ?" ಎಂಬುದು ಅವರ ವಾದ. "ನೀವು ತೆಗೆದುಕೊಳ್ಳಿ ಭಾವ, ಆದರೆ ಅಕ್ಕ ನಮ್ಮ ಕಾರಿನಲ್ಲೇ ಬರಲಿ" ಎಂದು ನಾನು ಹೇಳಿದ್ದಕ್ಕೆ ಅವರು ಒಪ್ಪಿದರು. 300 ಸಿಸಿಯ, ಇಬ್ಬರು ಕೂರುವ ಕ್ವಾಡು ದಿನಕ್ಕೆ 35 ಯೂರೋಗೆ ಸಿಕ್ಕಿತು.

ಅದನ್ನು ಕೊಡುವಾಗಿನ ಸೇವೆ ಕಾರು ಕೊಟ್ಟಾಗಿನಂತಿರಲಿಲ್ಲ. ಕಾರಿನ ಸುತ್ತ ನಡೆದು ಪ್ರತಿ ಗೀರನ್ನೂ ಗುರುತು ಹಾಕಿಕೊಂಡ ಅಂಗಡಿಯಲ್ಲೇ, ಕ್ವಾಡಿಗೆ ಬಂದಾಗ ಎರಡು ನಿಮಿಷದ ವಿವರಣೆ, ಒಂದು ಬೀಗದ ಕೈ, ಪಟ್ಟಿ ಹರಿದ ಒಂದು ಹೆಲ್ಮೆಟ್ ಇಷ್ಟೇ. ಹೆಲ್ಮೆಟ್ ಬದಲಿಸಿ ಕೊಡಿ ಎಂದು ಕೇಳಿದ ಮೇಲೆ ಒಳಗಿನಿಂದ ಸರಿಯಾದದ್ದೊಂದು ಬಂತು. ಹೆಲ್ಮೆಟ್ ಕಾನೂನಿನ ಪ್ರಕಾರ ಕಡ್ಡಾಯ. ಹಾಗಿದ್ದೂ ಬರಿತಲೆಯಲ್ಲಿ ಹೋಗುವ ಪ್ರವಾಸಿಗರನ್ನು ದಂಡೆಯ ರಸ್ತೆಯಲ್ಲಿ ದಿನವೂ ನೋಡಿದೆವು. ವಿಮೆಯ ವಿಷಯದಲ್ಲಂತೂ ಅಂತರ ಇನ್ನೂ ದೊಡ್ಡದು. ಕ್ವಾಡಿಗೆ ಸಾಮಾನ್ಯವಾಗಿ ಇರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆ ಮಾತ್ರ. ವಾಹನಕ್ಕೆ ಏನಾದರೂ ಆದರೆ ಪೂರ್ತಿ ಬೆಲೆ ಬಾಡಿಗೆದಾರನದು. ಷೆಂಗೆನ್ ವೀಸಾಕ್ಕಾಗಿ ನಾವು ಇಲ್ಲಿ ಕೊಳ್ಳುವ, ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯಿರುವ ಪ್ರವಾಸ ವಿಮೆ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರು ಅದರ ಹೊರಗಿಟ್ಟ ಬಾಬುಗಳ ಪಟ್ಟಿಯನ್ನು ಓದಬೇಕು. ಸಾಹಸ ಕ್ರೀಡೆ ಎಂಬ ಹೆಸರಿನಡಿ ಕ್ವಾಡನ್ನು ಹೊರಗಿಡುವ ಪಾಲಿಸಿಗಳಿವೆ. ದ್ವೀಪದಲ್ಲಿ ಚಿಕ್ಕ ಆಸ್ಪತ್ರೆಯಿದೆ. ಗಂಭೀರ ಗಾಯವಾದರೆ ಅಥೆನ್ಸಿಗೆ ಸಾಗಿಸಬೇಕಾಗುತ್ತದೆ.

ಆದರೆ ನಾನು ಕ್ವಾಡಿಗೆ ಎರಡೇ ಅಂಕ ಕೊಟ್ಟಿರುವುದು ವಿಮೆಗಾಗಿ ಅಲ್ಲ, ಆ ವಾಹನದ ಕಟ್ಟೋಣಕ್ಕಾಗಿ. ನಾಲ್ಕು ಚಕ್ರವಿದೆ, ಆದ್ದರಿಂದ ಸ್ಕೂಟರಿಗಿಂತ ಭದ್ರ ಎಂಬುದು ಎಲ್ಲರ ನಂಬಿಕೆ. ನಿಂತಿರುವಾಗ ಅದು ಸತ್ಯ. ಓಡುವಾಗ ಹಾಗಲ್ಲ. ತಿರುವಿನಲ್ಲಿ ಹೊರಗಡೆಯ ಚಕ್ರ ಒಳಗಡೆಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಕಾರಿನಲ್ಲಿ ಈ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಸರಿದೂಗಿಸುತ್ತದೆ. ಬಹಳಷ್ಟು ಕ್ವಾಡುಗಳ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿಗೆ ಸೇರಿದ್ದು, ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಮರಳಿನಲ್ಲಿ ಮಣ್ಣಿನಲ್ಲಿ ಒಂದು ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಡಾಂಬರಿನ ಹಿಡಿತದಲ್ಲಿ ಜಾರಲು ಆಗದೆ, ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ವಾಹನ ನೇರಕ್ಕೇ ಹೋಗಲು ನೋಡುತ್ತದೆ. ಕಡಿಮೆ ಗಾಳಿಯ ದಪ್ಪ ಟೈರುಗಳೂ ಮಣ್ಣಿಗೆಂದು ಮಾಡಿದವು. ಎತ್ತರದ ಸೀಟಿನಿಂದ ಭಾರದ ಕೇಂದ್ರ ಮೇಲಕ್ಕೇರುವುದರಿಂದಲೂ ಅಗಲ ಕಿರಿದಾಗಿರುವುದರಿಂದಲೂ, ಸವಾರ ತನ್ನ ಮೈಯನ್ನು ತಿರುವಿನ ಒಳಬದಿಗೆ ವಾಲಿಸದಿದ್ದರೆ ಒಳಗಿನ ಚಕ್ರ ನೆಲಬಿಡುತ್ತದೆ. ಬೈಕು ಸವಾರನ ಜೊತೆ ತಾನೂ ವಾಲುತ್ತದೆ. ಕ್ವಾಡು ವಾಲುವುದಿಲ್ಲ, ಮಗುಚುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಆ ಭಾರವೂ ಮೇಲೆಯೇ, ಹಿಂದೆಯೇ. ಏರಿನಲ್ಲಿ ಮುಂದಿನ ಚಕ್ರದ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಮಗುಚಿದಾಗ ಇನ್ನೂರು ಮುನ್ನೂರು ಕಿಲೋ ತೂಕದ ಯಂತ್ರ ಸವಾರನ ಮೇಲೆಯೇ ಬೀಳುವ ಸಾಧ್ಯತೆ ಇದೆ. ಮದುವೆಯಾದ ಹೊಸ ಜೋಡಿಗಳು ಹಿಂದೆ ಮುಂದೆ ಕೂತು, ಈಜುಡುಗೆ ಚಪ್ಪಲಿಗಳಲ್ಲಿ, ಬೆಟ್ಟದ ರಸ್ತೆಗೆ ಹೊರಡುವುದನ್ನು ನೋಡಿದಾಗ ಕರೆದು ನಿಲ್ಲಿಸಿ ಹೇಳಬೇಕೆನ್ನಿಸುತ್ತಿತ್ತು.

ಭಾವ ಬುಲೆಟ್ ಓಡಿಸಿ ನುರಿತವರು, ಅವಸರದ ಮನುಷ್ಯರಲ್ಲ. ಹಾಲ್ಕಿಯವರೆಗಿನ ಬಯಲಿನಲ್ಲಿ ಅವರು ಖುಷಿಯಾಗಿಯೇ ಬಂದರು. ಕ್ವಾಡಿನ ಆಕ್ಸಲರೇಟರ್ ಹಿಡಿ ತಿರುಗಿಸುವಂಥದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಸಣ್ಣ ಲಿವರ್. ಫಿಲೋತಿ ತಲಪುವ ಹೊತ್ತಿಗೆ ಹೆಬ್ಬೆರಳು ಮರಗಟ್ಟಿದಂತಾಗಿತ್ತು. ಅದರಿಂದ ಮುಂದಿನ ಏರಿನಲ್ಲಿ ಗಾಳಿ ಎದುರಾಯಿತು. ಮೆಲ್ತೇಮಿ ಎಂಬ ಉತ್ತರದ ಗಾಳಿ ಜುಲೈ, ಆಗಸ್ಟಿನಲ್ಲಿ ಈ ಸಮುದ್ರದ ಮೇಲೆ ಪೂರ್ತಿ ಬಲದಿಂದ ಬೀಸುತ್ತದೆ. ಮೇ ತಿಂಗಳ ಗಾಳಿ ಅದರ ಮುಂದೆ ಸಣ್ಣದು. ಆದರೂ ಕಣಿವೆಯ ಬಾಯಿಗೆ ಬಂದಾಗಲೆಲ್ಲ ಪಕ್ಕದಿಂದ ಹೊಡೆದ ಗಾಳಿ ಅವರ ಕ್ವಾಡನ್ನು ಎಳೆದಾಡುವುದು ಹಿಂದಿನ ಕಾರಿನಿಂದ ನಮಗೆ ಕಾಣುತ್ತಿತ್ತು. ಹಿಂದೆ ಸಾಲುಗಟ್ಟಿದ ವಾಹನಗಳಿಗೆ ದಾರಿ ಬಿಡಲು ಪದೇ ಪದೇ ಅಂಚಿಗೆ ಸರಿಯಬೇಕಾಗಿ ಬಂದದ್ದು ಇನ್ನೊಂದು ಕಷ್ಟ. ಅಪೆರಾಂಥೋಸಿನಲ್ಲಿ ಹೆಲ್ಮೆಟ್ ತೆಗೆದು, "ಇದನ್ನು ಮೂತ್ಸೂನಾಕ್ಕೆ ಇಳಿಸುವುದು ಬೇಡ, ನಾನೂ ನಿಮ್ಮ ಕಾರಿನಲ್ಲೇ ಬರುತ್ತೇನೆ" ಎಂದರು. ಅವರ ಈ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕ್ವಾಡನ್ನು ಊರ ಹೊರಗೆ ನಿಲ್ಲಿಸಿ ನಾಲ್ವರೂ ಕಾರಿನಲ್ಲಿ ಇಳಿದು ಹತ್ತಿ ಬಂದೆವು. ಸಂಜೆ ಗಾಳಿ ತಗ್ಗಿದ ಮೇಲೆ ಅವರು ನಿಧಾನವಾಗಿ ಹೋರಾಕ್ಕೆ ಮರಳಿದರು.

ಕ್ವಾಡಿಗೆ ಉಪಯೋಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೋರಾದಿಂದ ಪ್ಲಾಕಾವರೆಗಿನ ಸಮತಟ್ಟಾದ ದಂಡೆಯಲ್ಲಿ, ಒಬ್ಬರೇ, ಮೊಣಕಾಲು ಮುಚ್ಚುವ ಬಟ್ಟೆ, ಶೂ, ಸರಿಯಾದ ಹೆಲ್ಮೆಟ್ ಹಾಕಿಕೊಂಡು 30 ಕಿಲೋಮೀಟರ್ ವೇಗದೊಳಗೆ ಹೋಗಿಬರಲು ಅದು ಅನುಕೂಲವೇ. ನಿಲ್ಲಿಸಲು ಜಾಗ ಸುಲಭವಾಗಿ ಸಿಗುತ್ತದೆ. ಎರಡು ಅಂಕ ಅದಕ್ಕೇ.

ಉಳಿದ ಸಣ್ಣ ಸಂಗತಿಗಳು. ಪೆಟ್ರೋಲ್ ಬಂಕುಗಳು ಹೋರಾದ ಸುತ್ತಮುತ್ತ ಹೆಚ್ಚು, ಬೆಟ್ಟದಲ್ಲಿ ಕಡಿಮೆ. ಹೊರಡುವಾಗಲೇ ಸಾಕಷ್ಟು ತುಂಬಿಸಿಕೊಳ್ಳಬೇಕು. ನಮ್ಮಲ್ಲಿಯಂತೆ ಬಂಕಿನವರೇ ಬಂದು ತುಂಬಿಸುತ್ತಾರೆ. ಲೀಟರಿಗೆ 2 ಯೂರೋ ಹತ್ತಿರದ ಬೆಲೆ ಕೇಳಿದಾಗ ಎದೆ ಧಸಕ್ಕೆನ್ನುವುದು ಸಹಜ, ಆದರೆ ದೂರಗಳು ಚಿಕ್ಕವಾದ್ದರಿಂದ ಒಟ್ಟು ಖರ್ಚು ಹೆಚ್ಚಾಗುವುದಿಲ್ಲ. ಟ್ಯಾಂಕು ಎಷ್ಟಿತ್ತೋ ಅಷ್ಟೇ ಇರುವಂತೆ ಹಿಂದಿರುಗಿಸುವುದು ಅಲ್ಲಿನ ರೂಢಿ. ಗೂಗಲ್ ಮ್ಯಾಪ್ ಹತ್ತಿರದ ದಾರಿಯೆಂದು ಮೇಕೆ ತಿರುಗಾಡುವ ಕಚ್ಚಾ ದಾರಿಯನ್ನೂ ತೋರಿಸುತ್ತದೆ. ಡಾಂಬರು ಮುಗಿದ ಕಡೆ ವಿಮೆಯೂ ಮುಗಿಯುತ್ತದೆಂಬುದನ್ನು ನೆನೆದು ಹಿಂದಿರುಗುವುದು ಕ್ಷೇಮ. ರಸ್ತೆಯಂಚಿನಲ್ಲಿ ಹಳದಿ ಗೆರೆಯಿದ್ದಲ್ಲಿ ನಿಲ್ಲಿಸುವಂತಿಲ್ಲ; ಉಳಿದ ಕಡೆ ಪಾರ್ಕಿಂಗಿಗೆ ಹಣವಿದೆಯೇ ಎಂಬುದನ್ನು ಫಲಕದಲ್ಲಿ ನೋಡಿಕೊಳ್ಳಬೇಕು. ತುರ್ತಿಗೆ ಕರೆ ಮಾಡುವ ಸಂಖ್ಯೆ ನಮ್ಮಲ್ಲಿಯಂತೆಯೇ 112.

ಗೋವಾಕ್ಕೆ ವರ್ಷವರ್ಷವೂ ಹೋಗಿ ಸ್ಕೂಟರೋ ಕಾರೋ ಬಾಡಿಗೆಗೆ ಹಿಡಿಯುವ ನಮ್ಮವರು ಅಲ್ಲಿನ ಅಭ್ಯಾಸವನ್ನೇ ಗ್ರೀಸಿಗೂ ಒಯ್ಯುತ್ತಾರೆ ಎಂಬ ಆತಂಕ ನನಗಿದೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಅಧಿಕೃತ ಬಾಡಿಗೆ ವಾಹನವನ್ನು ಬಿಟ್ಟು, ನೂರಿನ್ನೂರು ಉಳಿಯುತ್ತದೆಂದು ಬಿಳಿ ಫಲಕದ ಖಾಸಗಿ ವಾಹನ ಹಿಡಿಯುವುದು, ಕಾಗದ ನೋಡದೆ ಬೀಗದ ಕೈ ಪಡೆಯುವುದು, ಹೆಲ್ಮೆಟನ್ನು ಹ್ಯಾಂಡಲಿಗೆ ತೂಗುಹಾಕುವುದು ಗೋವಾದಲ್ಲಿಯೂ ತಪ್ಪೇ. ಅಲ್ಲಿ ಸಿಕ್ಕಿಬಿದ್ದರೆ ಕನಿಷ್ಠ ಭಾಷೆ ಗೊತ್ತಿರುತ್ತದೆ, ಬಂಧುಗಳು ಒಂದು ರಾತ್ರಿಯ ಬಸ್ಸಿನ ದೂರದಲ್ಲಿರುತ್ತಾರೆ. ನಾಕ್ಸೋಸಿನಿಂದ ಅಥೆನ್ಸಿನ ಪಿರೇಯಸ್ ಬಂದರಿಗೆ ದೊಡ್ಡ ಹಡಗಿನಲ್ಲಿ ಐದು ತಾಸಿಗೂ ಹೆಚ್ಚು ಹಿಡಿಯುತ್ತದೆ.

ವಾಹನ ಹಿಂದಿರುಗಿಸುವಾಗ ಕಾರಿನ ವಿಷಯದಲ್ಲಿ ಯಾವ ಮಾತೂ ಬರಲಿಲ್ಲ. ಕ್ವಾಡಿನ ಹಿಂದಿನ ಪ್ಲಾಸ್ಟಿಕ್ ಮಡ್‌ಗಾರ್ಡಿನ ಮೇಲಿದ್ದ ಒಂದು ಗೀರಿಗೆ 80 ಯೂರೋ ಕೇಳಿದರು. ಬೆಳಿಗ್ಗೆ ಅಂಗಡಿಯ ಮುಂದೆಯೇ, ಅವರ ಬೋರ್ಡು ಕಾಣುವಂತೆ, ನಮ್ಮವರು ನಾಲ್ಕೂ ಕಡೆಯಿಂದ ವಿಡಿಯೋ ತೆಗೆದಿಟ್ಟಿದ್ದರು. ಅದರಲ್ಲಿ ಆ ಗೀರು ಸ್ಪಷ್ಟವಾಗಿತ್ತು. ತೋರಿಸಿದ ಮೇಲೆ ಕ್ಷಮೆ ಕೇಳಿ ಬಿಟ್ಟರು. ಹಣ ಕಟ್ಟುವಾಗ ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಎಂದು ಕೇಳಿದರೆ ಯೂರೋವನ್ನೇ ಆರಿಸಬೇಕು, ಇಲ್ಲದಿದ್ದರೆ ವಿನಿಮಯ ದರದಲ್ಲಿ ಸುಮ್ಮನೆ ನಷ್ಟ. ಠೇವಣಿಗೆ ಚಾಲಕರ ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಾಗುತ್ತದೆ. ತಡೆಹಿಡಿದ ಆ ಮೊತ್ತ ನಮ್ಮ ಬ್ಯಾಂಕಿನ ಖಾತೆಯಲ್ಲಿ ಬಿಡುಗಡೆಯಾಗಲು ಊರಿಗೆ ಬಂದ ಮೇಲೂ ಕೆಲವು ದಿನ ಹಿಡಿಯಿತು. ಸಂಚಾರ ನಿಯಮದ ದಂಡವೇನಾದರೂ ಬಿದ್ದಿದ್ದರೆ ಅದು ತಿಂಗಳುಗಳ ನಂತರ ಅಂಗಡಿಯ ಮೂಲಕ ಅದೇ ಕಾರ್ಡಿಗೆ ಬರಬಹುದಾದ್ದರಿಂದ, ಒಪ್ಪಂದದ ಪ್ರತಿಯನ್ನೂ ಆ ವಿಡಿಯೋವನ್ನೂ ವರ್ಷದ ಮಟ್ಟಿಗಾದರೂ ಅಳಿಸದೆ ಇಟ್ಟುಕೊಳ್ಳಿ.